ಇಬ್ಬರೇ ನೋಡಿದ ನಾಲ್ಕು ನಿಮಿಷ

ಹೋದ ಭಾನುವಾರ ಧಾರವಾಡದ ಸಪ್ತಾಪುರದ ಚಹಾದಂಗಡಿ ಮುಂದೆ ಇಬ್ಬರು ಗೃಹಸ್ಥರು ಜಗಳಕ್ಕೆ ನಿಂತಿದ್ದರು. ಒಬ್ಬ ಬಸು, ಬ್ಯಾಂಕಿನಲ್ಲಿ ಕ್ಲಾರ್ಕ್. ಇನ್ನೊಬ್ಬ ಈರಣ್ಣ, ಅಮರಗೋಳದಲ್ಲಿ ಹತ್ತಿ ವ್ಯಾಪಾರ. ಇಬ್ಬರಿಗೂ ಮದುವೆಯಾಗಿದೆ. ಇಬ್ಬರಿಗೂ ಹೊಟ್ಟೆ ಬಂದಿದೆ.

ಜಗಳ ಯಾತಕ್ಕೆ? ಆಸ್ತಿಗೆ? ಎಲೆಕ್ಷನ್ನಿಗೆ?

ಅಲ್ಲ. ಮುಖಕ್ಕೆ ಬಿಳಿ ಮುಸುಕು ಹಾಕಿಕೊಂಡು ಗಾಳಿಯಲ್ಲಿ ಹಾರುವ ಒಬ್ಬ ಪರದೇಶದ ಹೀರೋ, ತನ್ನ ವೈರಿ ಅಣೆಕಟ್ಟಿನ ಮೇಲಿಂದ ಬೀಳುವಾಗ ಅವನ ಕೈ ಹಿಡಿದದ್ದು ಸರಿಯೋ ತಪ್ಪೋ ಎಂದು!

ಈ ಮುಸುಕಿನವನ ಪಿಕ್ಚರ್ ಇದುವರೆಗೆ ಮೂರು ಭಾಗ ಬಂದಿವೆ. ಎಲ್ಲವೂ ಹಿಂದಿ ಡಬ್ಬಿಂಗ್. ಮೂರನೆಯದು ಈಗಷ್ಟೇ ನಮ್ಮೂರಿಗೆ ಬಂದಿದೆ. (ಹೆಸರು ಬೇಡ. ಹೆಸರು ಬರೆದರೆ ಅವನ ಅಭಿಮಾನಿಗಳು ಪತ್ರ ಬರೆಯುತ್ತಾರೆ. ಉತ್ತರ ಬರೆಯುವಷ್ಟು ಓದು ನನಗಿಲ್ಲ. ಏಳನೇ ಇಯತ್ತೆ ಪಾಸಾದವನ ಅಂಕಣವನ್ನು ವಾರವಾರ ಓದುತ್ತೀರಲ್ಲ, ಅದೇ ದೊಡ್ಡದು.)

“ಮೊದಲನೇ ಭಾಗ ನೋಡಲೇ, ಅಂವ ಹಾರಾಕ ಕಲಿಯೂದನ್ನ ಒಂದು ತಾಸು ತೋರಿಸ್ಯಾರ. ಬೀಳತಾನ, ಏಳತಾನ. ಅದರಾಗ ಜೀವ ಇತ್ತು,” ಎಂದ ಬಸು.

“ಮೊದಲನೇದು ಕನ್ನಡ ಸಾಲಿ ಹುಡುಗರ ಪಿಕ್ಚರ್. ಫೈಟಿಂಗ್ ಅಂದ್ರ ಎರಡನೇದು. ಅಣೆಕಟ್ಟಿನ ಫೈಟ್ ಮುಂದ ಬ್ಯಾರೇ ಯಾವ ಫೈಟ್ ನಿಂದರ್ತದ ಹೇಳು?”

“ಫೈಟ್ ಛಲೋ. ತಲಿ ಎಲ್ಲೈತಿ? ಊರಿಗೆ ಊರ ಮುಳುಗಿಸಾಕ ನಿಂತಾಂವನ ಕೈ ಹಿಡಿದು ಎತ್ತಿ, ‘ಮನಿಗೆ ಹೋಗು’ ಅಂತಾನ. ಯಾಕ? ಅಂವೇನು ಇವನ ಅಳಿಯನ?”

ಚಹಾ ಮಾಡುವವನೂ ನಕ್ಕ.

ನನಗೆ ಮೊದಲಿನಿಂದಲೂ ಒಂದು ಕುತೂಹಲ. ಎರಡನೇ ಭಾಗದ ತಪ್ಪು ಹುಡುಕುವುದರಲ್ಲಿ ಮನುಷ್ಯನಿಗೆ ಇಷ್ಟು ಖುಷಿ ಯಾಕೆ? ಮೊದಲ ಭಾಗಕ್ಕೆ ಜನ ಸುಮ್ಮನೆ ಬಂದು, ಬಾಯಿ ತೆರೆದು ಕೂತು, ಎದ್ದು ಹೋಗುತ್ತಾರೆ. ಎರಡನೆಯದಕ್ಕೆ ಬರುವಾಗ ಅವರೆಲ್ಲ ಬೀಗರಾಗಿರುತ್ತಾರೆ. ಎಲೆ ಮುಂದೆ ಕೂತ ಕೂಡಲೇ ಉಪ್ಪು ಕಡಿಮೆ, ಹೋಳಿಗೆ ದಪ್ಪ. ಆದರೂ ಪಂಕ್ತಿ ಬಿಟ್ಟು ಏಳುವುದಿಲ್ಲ! ಹದಿನೆಂಟು ವರ್ಷ ಹುಬ್ಬಳ್ಳಿಯ ಒಂದು ಟಾಕೀಸಿನಲ್ಲಿ ಪಿಕ್ಚರ್ ಓಡಿಸುವ ಆಪರೇಟರ್ ಆಗಿದ್ದವನು ನಾನು. ಇಂಟರ್‌ವಲ್‌ನಲ್ಲಿ ಕ್ಯಾಬಿನ್ ಮೆಟ್ಟಿಲ ಮೇಲೆ ನಿಂತು ಈ ಬೀಗರ ಮಾತು ಕೇಳುವುದೇ ನನಗೆ ಸಿನಿಮಾ ಆಗಿತ್ತು.

ಹೋದ ಭಾನುವಾರವೂ ಹಾಗೇ ಕೇಳುತ್ತ ನಿಂತಿದ್ದೆ. ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ತಮ್ಮನಿಗೆ ಕೊಡಲು ಧಾರವಾಡಕ್ಕೆ ಬಂದಿದ್ದೆ. ತಮ್ಮ ಮಾಂತೇಶ ಅಲ್ಲೇ ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಹೇಳುತ್ತಾನೆ. ಬಸು, ಈರಣ್ಣ ಅವನ ಕಾಲೇಜು ಗೆಳೆಯರು. ಇವರಿಬ್ಬರು ಹೀಗೆ ಕೂಗಾಡುವಾಗ ಅವನು ಬೆಂಚಿನ ತುದಿಗೆ ಕೂತು ಪೇಪರ್ ಓದುತ್ತಿದ್ದ.

“ಮೂರನೇದ್ರಾಗ ಅದಕ್ಕ ಕಾರಣ ಕೊಟ್ಟಾರಲ್ಲೋ,” ಎಂದ ಈರಣ್ಣ. “ಆ ಮುದುಕಿ ಸೀನ್.”

ಓದುಗರಿಗೆ ಸ್ವಲ್ಪ ಹೇಳಬೇಕು. ಮೂರನೇ ಭಾಗದಲ್ಲಿ ಒಂದು ಫ್ಲ್ಯಾಶ್‌ಬ್ಯಾಕ್ ಇದೆ. ಹೀರೋ ಮುಸುಕು ತೆಗೆದು, ಸಾದಾ ಬಟ್ಟೆಯಲ್ಲಿ ವಿಲನ್ನಿನ ಮನೆಗೆ ಹೋಗುತ್ತಾನೆ. ಅವನ ಮುದಿ ತಾಯಿ ಇವನಾರೆಂದು ತಿಳಿಯದೆ ಉಣ್ಣಲು ಇಡುತ್ತಾಳೆ. “ನನ್ನ ಮಗ ಎಲ್ಲಾದರೂ ಸಿಕ್ಕರೆ ಮನೆಗೆ ಹೋಗು ಅಂತ ಹೇಳಪ್ಪ,” ಅನ್ನುತ್ತಾಳೆ. ಅಣೆಕಟ್ಟಿನ ಮೇಲೆ ಹೀರೋ ಅವನ ಕೈ ಹಿಡಿದದ್ದು ಅದಕ್ಕೆ.

“ಕೊಟ್ಟಾರ! ಐದು ವರ್ಷ ಆದಮ್ಯಾಲೆ!” ಬಸು ಗ್ಲಾಸು ಕುಕ್ಕಿದ. “ಎರಡನೇದ್ರಾಗ ಆ ಮುದುಕಿ ಇದ್ದಳೇನು? ನೀನ ಹೇಳು. ಇರಲಿಲ್ಲ. ಮಂದಿ ಬೈದರು, ಬುದ್ಧಿ ಬಂತು, ಈಗ ಹೊಸದಾಗಿ ಶೂಟಿಂಗ್ ಮಾಡಿ ಫ್ಲ್ಯಾಶ್‌ಬ್ಯಾಕ್ ಅಂತ ಹಚ್ಚ್ಯಾರ. ಇದು ಮೋಸ.”

“ಮೋಸಂತೂ ಹೌದು,” ಎಂದ ಈರಣ್ಣ. ಬೆಳಗಿನಿಂದ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ನನ್ನ ಕೈಯಲ್ಲಿನ ಚಹಾ ಆರುತ್ತಿತ್ತು. ಯಾಕೆಂದರೆ ಮುದುಕಿ ಎರಡನೇ ಭಾಗದಲ್ಲೇ ಇದ್ದಳು. ಅವಳನ್ನು ತೆಗೆದವನು ನಾನು.

ಹೇಗೆ ಅನ್ನುತ್ತೀರಾ?

ಆಗ ಪಿಕ್ಚರ್ ಅಂದರೆ ಡಬ್ಬಿಯಲ್ಲಿ ಬರುವ ರೀಲು. ಶುಕ್ರವಾರ ಬೆಳಿಗ್ಗೆ ಡಬ್ಬಿ ಬಂದ ಕೂಡಲೇ, ಮೊದಲ ಆಟಕ್ಕೆ ಮುಂಚೆ, ಖಾಲಿ ಟಾಕೀಸಿನಲ್ಲಿ ಒಮ್ಮೆ ಓಡಿಸಿ ನೋಡುವುದು ಪದ್ಧತಿ. ರೀಲು ಎಲ್ಲಾದರೂ ಹರಿದಿದೆಯೋ, ಸೌಂಡ್ ಸರಿಯಿದೆಯೋ ಎಂದು. ನಾವು ‘ಚೆಕಿಂಗ್’ ಅನ್ನುತ್ತಿದ್ದೆವು. ಮಾಂತೇಶ ಆಗ ಧಾರವಾಡದಲ್ಲಿ ಕಾಲೇಜು ಓದುತ್ತಿದ್ದ. ಮುಸುಕಿನವನ ಎರಡನೇ ಭಾಗ ಬರುತ್ತದೆ ಎಂದಾಗ ಬೆಳಗಿನ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಬಂದ. ಎಂಟುನೂರು ಕುರ್ಚಿಯ ಟಾಕೀಸಿನಲ್ಲಿ ಅವನೊಬ್ಬನೇ. ಬಾಲ್ಕನಿಯ ಮೊದಲ ಸಾಲು.

ನಾನು ಕ್ಯಾಬಿನ್ನಿನ ಕಿಂಡಿಯಿಂದ ನೋಡುತ್ತಿದ್ದೆ. ಪರದೆಯನ್ನಲ್ಲ, ಅವನನ್ನು. ಹಿಂದಿನಿಂದ ಕಾಣುವುದು ತಲೆಯೊಂದೇ. ಆದರೆ ಆ ತಲೆ ಮುಂದೆ ಬಾಗುವುದೇನು, ಎರಡೂ ಕೈ ತಲೆ ಮೇಲೆ ಇಟ್ಟುಕೊಳ್ಳುವುದೇನು! ಮುದುಕಿ ಸೀನ್ ಬಂದಾಗ ಅವನು ಕಣ್ಣು ಒರೆಸಿಕೊಂಡ. ದಿನಾ ನಾಲ್ಕು ಆಟ ಓಡಿಸುವ ನನಗೆ ಯಾವ ಪಿಕ್ಚರ್‌ನಲ್ಲೂ ಏನೂ ಅನ್ನಿಸುತ್ತಿರಲಿಲ್ಲ. ಇವನಿಗೆ ಏನು ಕಾಣುತ್ತದೆ ಅಲ್ಲಿ? ಕಾಲೇಜಿಗೆ ಹೋದರೆ ಹೀಗೆ ಕಾಣುತ್ತದೆಯೇ? ಅದೇ ಯೋಚನೆಯಲ್ಲಿ ಮೈಮರೆತು ನಿಂತೆ.

ನನ್ನ ಬೆನ್ನ ಹಿಂದೆ, ಮಷಿನ್ನಿನ ಕೆಳಗಿನ ಚಕ್ರದ ಬೆಲ್ಟು ಜಾರಿತ್ತು. ಪರದೆ ಮೇಲೆ ಪಿಕ್ಚರ್ ಓಡುತ್ತಲೇ ಇತ್ತು. ಓಡಿ ಬಂದ ರೀಲು ಮಾತ್ರ ಸುತ್ತಿಕೊಳ್ಳದೆ ನೆಲಕ್ಕೆ ಸುರಿಯುತ್ತಿತ್ತು. ತಿರುಗಿ ನೋಡಿದಾಗ ಮೊಣಕಾಲೆತ್ತರ ಬಿದ್ದಿತ್ತು. ಗಾಬರಿಯಲ್ಲಿ ಅದರ ಮೇಲೇ ಕಾಲಿಟ್ಟೆ, ಎಳೆದೆ, ಸ್ಟೂಲಿಗೆ ಸಿಕ್ಕಿತು. ಅಂಚಿನ ತೂತುಗಳೆಲ್ಲ ಹರಿದವು. ಹಾಗೇ ಓಡಿಸಿದರೆ ತುಂಬಿದ ಟಾಕೀಸಿನಲ್ಲಿ ರೀಲು ಕಡಿಯುವುದು ಖಂಡಿತ. ಮೊದಲ ಆಟಕ್ಕೆ ಅರ್ಧ ತಾಸು ಉಳಿದಿತ್ತು. ಹರಿದಷ್ಟನ್ನು ಕತ್ತರಿಸಿದೆ, ಎರಡು ತುದಿ ಅಂಟಿಸಿದೆ, ಮಾಲಕರಿಗೆ “ಎಲ್ಲಾ ಬರೋಬ್ಬರಿ ಐತ್ರಿ” ಅಂದೆ.

ಹೋದದ್ದು ನಾಲ್ಕು ನಿಮಿಷ. ಪೂರ್ತಿ ಮುದುಕಿ.

ಹುಬ್ಬಳ್ಳಿ-ಧಾರವಾಡಕ್ಕೆ ಬಂದದ್ದು ಅದೊಂದೇ ಪ್ರಿಂಟು. ನಮ್ಮಲ್ಲಿ ಓಡಿ ಧಾರವಾಡಕ್ಕೆ ಹೋಯಿತು. (ಆಮೇಲೆ ಯಾವುದೋ ಟಾಕೀಸಿನಲ್ಲಿ ಕದ್ದು ಶೂಟ್ ಮಾಡಿದ ಸಿಡಿ ಬಂತು. ಎರಡು ಸಿಡಿಗೆ ಹಿಡಿಸಲು ಅವರೂ ಎಲ್ಲೆಲ್ಲೋ ಕತ್ತರಿಸಿದ್ದರು. ಉಳಿದದ್ದರಲ್ಲಿ ಅರ್ಧ, ಮುಂದಿನ ಸಾಲಿನವನ ತಲೆ.) ಅಲ್ಲಿಗೆ ಅವಳಿ ನಗರಗಳಲ್ಲಿ ಆ ಸೀನ್ ಬಂದದ್ದು ಬಲ್ಲವರು ಇಬ್ಬರೇ. ನಾನು, ನನ್ನ ತಮ್ಮ.

ತಮ್ಮ ಎಲ್ಲರಿಗೂ ಹೇಳಿದ. ಆಗ ಪಿಕ್ಚರ್ ವಿಷಯದಲ್ಲಿ ಅವನ ಮಾತೇ ಕಡೆಯ ಮಾತು. ಕಾಲೇಜಿನ ಗೋಡೆ ಪತ್ರಿಕೆಗೆ ಪ್ರತಿ ಪಿಕ್ಚರ್ ಬಗ್ಗೆ ಬರೆಯುತ್ತಿದ್ದ. ಹುಡುಗರು ಅದನ್ನು ಓದಿ ಟಾಕೀಸಿಗೆ ಹೊರಡುತ್ತಿದ್ದರು. ಈ ಸಲ ಮುದುಕಿ ಸೀನೇ ಪಿಕ್ಚರಿನ ಜೀವ ಎಂದು ಒಂದು ಪುಟ ಬರೆದ. ಹುಡುಗರು ಓದಿದರು, ನೋಡಿದರು, ಬಂದರು.

“ಯಾವ ಮುದುಕಿಲೇ? ನಿಮ್ಮ ಆಯೀನ?”

ಅವನು ವಾದ ಮಾಡಿದ. ಆಣೆ ಮಾಡಿದ. ಕಡೆಗೆ ಟಿಕೆಟ್ ತೆಗೆಸಿ ಬಸುವನ್ನು ಕರೆದುಕೊಂಡು ಮತ್ತೆ ನೋಡಲು ಹೋದ. ಸೀನ್ ಇಲ್ಲ. ಅವತ್ತಿನಿಂದ ಅವನಿಗೆ ‘ಎಕ್ಸ್‌ಟ್ರಾ ರೀಲ್’ ಎಂದು ಹೆಸರು ಬಿತ್ತು. ಗೋಡೆ ಪತ್ರಿಕೆಯಲ್ಲಿ ಅವನ ಪುಟದ ಕೆಳಗೆ ಯಾರೋ ಮುದುಕಿಯ ಚಿತ್ರ ಬರೆದು ‘ಕಾಣೆಯಾಗಿದ್ದಾಳೆ’ ಎಂದು ಅಂಟಿಸಿದ್ದರಂತೆ.

ಮಾರನೆ ದಿನ ನನ್ನ ಕ್ಯಾಬಿನ್ನಿಗೆ ಬಂದ.

“ಅಣ್ಣಾ, ಆ ಸೀನ್ ಇತ್ತಲ್ಲಾ? ಚೆಕಿಂಗ್‌ದಾಗ ನೋಡಿದ್ನಲ್ಲಾ ನಾ?”

ಹೇಳಬಹುದಿತ್ತು. ಕ್ಯಾಬಿನ್ನಿನಲ್ಲಿ ನಾವಿಬ್ಬರೇ. ಅವನು ಯಾರಿಗೂ ಹೇಳುವವನಲ್ಲ.

“ಇಲ್ಲಪಾ,” ಅಂದೆ. “ಬೆಳಿಗ್ಗೆ ಲಗೂ ಎದ್ದು ಬಂದಿದ್ದಿ. ಜೊಂಪು ಹತ್ತಿರಬೇಕು. ಕನಸು ಕಂಡಿರಬೇಕು.”

ಅವನು ನನ್ನ ಮುಖ ನೋಡಿದ. ನಂಬಿದ. ಅಣ್ಣ ಹೇಳಿದ ಮೇಲೆ ಮುಗಿಯಿತಲ್ಲ? ತನ್ನ ಎರಡು ಕಣ್ಣು ಬಿಟ್ಟು ನನ್ನ ಒಂದು ಮಾತು ನಂಬಿದ.

ಆಮೇಲೆ ಗೋಡೆ ಪತ್ರಿಕೆಗೆ ಬರೆಯಲಿಲ್ಲ. ಪಿಕ್ಚರ್ ಮಾತು ಬಂದರೆ ಎದ್ದು ಹೋಗುತ್ತಿದ್ದ. ಬರಬರುತ್ತ ಬೇರೆ ಮಾತಿಗೂ ಹಾಗೇ ಆಯಿತು. “ನಾ ನೋಡೀನಿ” ಎಂದು ಹೇಳಿ ಕೂಡಲೇ “ನೋಡಿರಬೇಕು, ಗೊತ್ತಿಲ್ಲ” ಎಂದು ಸೇರಿಸುತ್ತಾನೆ. ಕನ್ಯೆ ನೋಡಿ ಬಂದ ದಿನವೂ ಅವ್ವ “ಹುಡುಗಿ ಹೆಂಗದಾಳೋ?” ಅಂದರೆ, “ಛಲೋ ಅದಾಳ ಅನಸ್ತದ. ನೀವೂ ನೋಡ್ರಿ,” ಅಂದ. ಮನೆಯವರೆಲ್ಲ ಅವನ ಗುಣವೇ ಹಾಗೆ ಅನ್ನುತ್ತಾರೆ. ಆ ಗುಣ ಯಾವ ಶುಕ್ರವಾರ ಬಂತು ಎಂದು ನನಗೆ ಗೊತ್ತು.

ಈಗ ಮತ್ತೆ ಚಹಾದಂಗಡಿಗೆ ಬರೋಣ.

“ಏ ಎಕ್ಸ್‌ಟ್ರಾ ರೀಲ್,” ಬಸು ಥಟ್ಟನೆ ನೆನಪಾದವನಂತೆ ಮಾಂತೇಶನ ಕಡೆ ತಿರುಗಿದ. “ನೀ ಅವತ್ತು ಇದನ್ನ ಹೇಳಿದ್ದಿ ಅಲ್ಲೇನು? ಮುದುಕಿ, ಊಟ... ಶೂಟಿಂಗ್ ಆಗೂಕಿಂತ ಮೊದಲ ನಿನಗ ಹೆಂಗ ಗೊತ್ತಾತಲೇ?”

ಈರಣ್ಣ ನಗಲು ಶುರು ಮಾಡಿದವನು ಅರ್ಧಕ್ಕೆ ನಿಲ್ಲಿಸಿದ.

ಮಾಂತೇಶ ಪೇಪರ್ ಮಡಚಿದ. “ನನ್ನ ಯಾಕ ಕೇಳತೀರಿ? ಅಣ್ಣನ್ನ ಕೇಳ್ರಿ. ಅಂವ ಓಡಿಸಿದಾಂವ.”

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಹೇಳ್ರಿ ಅಣ್ಣಾರ,” ಎಂದ ಈರಣ್ಣ.

“ಇತ್ತು,” ಅಂದೆ. “ಎರಡನೇದ್ರಾಗ ಇತ್ತು. ನಾ ಕೆಡಿಸಿದೆ, ನಾನ ಕತ್ತರಿಸಿದೆ.” ಬೆಲ್ಟು, ನೆಲ, ಸ್ಟೂಲು, ಎಲ್ಲ ಹೇಳಿದೆ.

ಎಲ್ಲ ಕೇಳಿ ಬಸು ಅಂದದ್ದು ಏನು ಗೊತ್ತೇ? “ಹಂಗಾದ್ರ ಡೈರೆಕ್ಟರಂದು ತಪ್ಪಿಲ್ಲ! ಐದು ವರ್ಷ ಅವನಿಗೆ ಸುಮ್ನ ಬೈದೆವಲ್ಲೋ ಈರ್ಯಾ! ಎರಡನೇದ ಬೆಸ್ಟ್ ಪಿಕ್ಚರ್ ಆತು ಮತ್ತ!”

“ನಾ ಮೊದಲ ಹೇಳಿದ್ದೆ!”

“ನೀ ಫೈಟ್ ಸಲುವಾಗಿ ಹೇಳಿದ್ದಿ, ಮಗನ!”

ಮತ್ತೆ ಶುರುವಾಯಿತು. ಡೈರೆಕ್ಟರನಿಗೆ ಅಲ್ಲೇ ನ್ಯಾಯ ಸಿಕ್ಕಿತು. ನನ್ನ ತಮ್ಮನಿಗೆ?

ಅವನು ಎದ್ದು ನನ್ನ ಹತ್ತಿರ ಬಂದ. ಮೆಲ್ಲಗೆ ಕೇಳಿದ. “ಆಕಿ ಬಾಗಿಲಾ ಹಾಕ್ಕೊಂಡು, ಮತ್ತ ತಗದು ನೋಡತಾಳ. ಹೌದಲ್ಲ?”

ಮೂರನೇ ಭಾಗದ ಫ್ಲ್ಯಾಶ್‌ಬ್ಯಾಕಿನಲ್ಲಿ ಅಷ್ಟು ಇಲ್ಲ. ಊಟಕ್ಕೇ ಮುಗಿಯುತ್ತದೆ. ಬಾಗಿಲಿನ ಮಾತು ಇದ್ದದ್ದು ನಾನು ಕತ್ತರಿಸಿದ ರೀಲಿನಲ್ಲಿ ಮಾತ್ರ. ಅಂಟಿಸುವ ಮುಂಚೆ ಆ ತುಣುಕನ್ನು ಬೆಳಕಿಗೆ ಹಿಡಿದು ನೋಡಿದ್ದೆ.

“ಹೌದು,” ಅಂದೆ. “ಅರ್ಧಾ ತಗದು ನೋಡತಾಳ.”

“ಅರ್ಧಾ,” ಅಂದ ಅವನು. ದೊಡ್ಡದೊಂದು ಉಸಿರು ಬಿಟ್ಟ. ಐದು ವರ್ಷ ಆ ಬಾಗಿಲನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ. ತನಗೆ ಹುಚ್ಚು ಹಿಡಿದಿಲ್ಲ ಎಂಬುದಕ್ಕೆ ಅದೊಂದೇ ಸಾಕ್ಷಿ ಇರಬೇಕು.

ನಂತರ ಕೇಳಿದ. “ಕತ್ತರಿಸಿದ್ದಿ, ಇರಲಿ. ಕ್ಯಾಬಿನ್ನಿಗೆ ಬಂದು ಕೇಳಿದಾಗ ಯಾಕ ಇಲ್ಲ ಅಂದಿ?”

“ನೌಕರಿ ಹೋಗತದಂತ ಹೆದರಿದ್ದೆ.”

ಅವನು ತಲೆಯಾಡಿಸಿದ. ರೊಟ್ಟಿ ಗಂಟು ತೆಗೆದುಕೊಂಡ. “ಅವ್ವಗ ಹಿಂಡಿ ಖಾರ ಆಗೇದ ಅಂತ ಹೇಳು,” ಎಂದು ಹೇಳಿ ರೂಮಿನ ಕಡೆ ನಡೆದ. ಗಂಟು ಇನ್ನೂ ಬಿಚ್ಚಿಯೇ ಇರಲಿಲ್ಲ. ಮಾತು ಮುಗಿಸಲು ಅವನಿಗೆ ಏನಾದರೊಂದು ಬೇಕಿತ್ತು.

ಬಸ್ಸಿನಲ್ಲಿ ಹುಬ್ಬಳ್ಳಿಗೆ ವಾಪಸು ಬರುವಾಗ ಯೋಚಿಸಿದೆ. ನೌಕರಿಗೆ ಹೆದರಿ ಮಾಲಕರಿಗೆ ಸುಳ್ಳು ಹೇಳಿದ್ದು ನಿಜ. ತಮ್ಮನಿಗೆ ಯಾತಕ್ಕೆ ಹೆದರಬೇಕಿತ್ತು? ಹೆದರಿರಲಿಲ್ಲ. ಅವನು ಬಾಗಿಲಲ್ಲಿ ನಿಂತು, ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡು, ಮೊದಲ ಸಲ “ನನಗ ಗೊತ್ತಿಲ್ಲ, ನೀ ಹೇಳು ಅಣ್ಣಾ” ಎನ್ನುವಂತೆ ನನ್ನ ಮುಖ ನೋಡಿದ್ದ. ಅವನ ಫೀ ಕಟ್ಟುವವನು ನಾನು, ಪಿಕ್ಚರ್ ಓಡಿಸುವವನು ನಾನು, ಅದರ ಅರ್ಥ ಹೇಳುವವನು ಮಾತ್ರ ಅವನು. ಒಮ್ಮೆ, ಒಮ್ಮೆಯಾದರೂ, ಓದಿದವನು ತಪ್ಪಾಗಿ ಓದದವನು ಸರಿಯಾಗಲಿ ಅನ್ನಿಸಿತ್ತು. ಆ ಒಂದು ನಿಮಿಷ ನನಗೆ ಹಿತವಾಗಿತ್ತು. ಖರೇ ಹೇಳುತ್ತೇನೆ, ಬಹಳ ಹಿತವಾಗಿತ್ತು.

ಇದನ್ನು ಚಹಾದಂಗಡಿ ಮುಂದೆ ಹೇಳಲಿಲ್ಲ. ಅಲ್ಲಿ ಹೇಳಿದ್ದು ತಮ್ಮನಿಗೆ ನಾನು ಹೇಳಿದ ಎರಡನೇ ಸುಳ್ಳು.

ಮಾಂತೇಶ ಬೆಳಿಗ್ಗೆ ಪೇಪರ್ ಓದುತ್ತಾನೆ. ಈ ಪುಟವನ್ನೂ ಓದುತ್ತಾನೆ. ನಮ್ಮಿಬ್ಬರ ಕತೆಯ ಮೊದಲ ಭಾಗದಲ್ಲಿ ಕತ್ತರಿಸಿದೆ, ಎರಡನೇ ಭಾಗದಲ್ಲಿ ಅರ್ಧ ಹೇಳಿದೆ. ಮೂರನೆಯದನ್ನಾದರೂ ಪೇಪರ್ ಅಡ್ಡ ಹಿಡಿಯದೆ, ಅವನೆದುರಿಗೇ ಹೇಳಬೇಕಿತ್ತಲ್ಲವೇ?