ಪ್ರಸಾದ ತಿಂದರೆ ತಿಂದ ಹಾಗಲ್ಲ

ಕಾಫಿ ಆರಿ ಕೆನೆ ಕಟ್ಟಿತ್ತು. ಬೇರೆ ದಿನವಾಗಿದ್ದರೆ ಗಾಂಧಿ ಬಜಾರಿನ ಆ ಹೋಟೆಲಿನವರ ಜೊತೆ ನನ್ನದೊಂದು ಸಣ್ಣ ಜಗಳ ಖಾತ್ರಿ. ಈ ಸಲ ತಪ್ಪು ಅವರದಲ್ಲ, ಆಗಷ್ಟೇ ಕೊಂಡು ತಂದಿದ್ದ ಪುಸ್ತಕದ್ದು. ಒಬ್ಬ ಸರ್ಜನ್ ತಮ್ಮ ವೃತ್ತಿಯ ನೆನಪುಗಳನ್ನು ಬರೆದಿದ್ದರು. ನಾಲ್ಕು ಪುಟ ನೋಡೋಣವೆಂದು ತೆರೆದವನು ಅರ್ಧ ಪುಸ್ತಕ ದಾಟಿಬಿಟ್ಟಿದ್ದೆ.

ನನ್ನ ಧೈರ್ಯದ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ರಕ್ತ ಪರೀಕ್ಷೆಗೆ ಕೈ ಚಾಚಿದಾಗ ನಾನು ಗೋಡೆಯ ಕ್ಯಾಲೆಂಡರನ್ನು ಭಕ್ತಿಯಿಂದ ನೋಡುತ್ತಿರುತ್ತೇನೆ. ಅಂಥ ಪುಕ್ಕಲ, ಹೊಟ್ಟೆ ಕೊಯ್ದು ಹೊಲಿಯುವ ವಿವರಗಳನ್ನು ಇಡ್ಲಿ ಮುರಿದುಕೊಂಡು ಓದುತ್ತಿದ್ದೆ ಎಂದರೆ ನೀವು ನಂಬಬೇಕು. ಆ ಡಾಕ್ಟರು ಬರೆದಿದ್ದೇ ಹಾಗೆ. ಗಂಟು ಹಾಕುವುದನ್ನು ರೂಢಿ ಮಾಡಿಕೊಳ್ಳಲು ಮನೆಯ ಕುರ್ಚಿ ಕಾಲುಗಳಿಗೆಲ್ಲ ದಾರ ಬಿಗಿದು ಅಮ್ಮನ ಹತ್ತಿರ ಬೈಸಿಕೊಂಡದ್ದು, ಆಪರೇಷನ್ನಿನ ನಡುವೆ ಮೂಗು ತುರಿಸತೊಡಗಿ, ಕೈ ಎತ್ತುವಂತಿಲ್ಲದೆ, ನರ್ಸಮ್ಮನ ಮುಂದೆ ಮುಖ ಒಡ್ಡಿ ನಿಂತದ್ದು! ಒಬ್ಬನೇ ನಗುತ್ತಿದ್ದ ನನ್ನನ್ನು ಪಕ್ಕದ ಟೇಬಲ್ಲಿನವರು ಅನುಮಾನದಿಂದ ನೋಡಿದರು.

ಆಮೇಲೆ ಆ ಪುಟ ಬಂತು. ಬರಿ ಹೊಟ್ಟೆಯಲ್ಲಿ ಬರಬೇಕೆಂದು ಹೇಳಿಸಿಕೊಂಡಿದ್ದ ಹೆಂಗಸೊಬ್ಬರು ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಪ್ರಸಾದದ ಪುಳಿಯೋಗರೆ ತಿಂದು ಆಪರೇಷನ್ನಿಗೆ ಬಂದಿದ್ದರಂತೆ.

"ದೊಡ್ಡಮ್ಮ!" ಎಂದು ಕೂಗಿಯೇಬಿಟ್ಟೆ.

ಮಾಣಿ ಓಡಿ ಬಂದ. "ಏನ್ ಬೇಕು ಸಾರ್?"

"ಏನೂ ಬೇಡಪ್ಪ. ನಮ್ಮ ದೊಡ್ಡಮ್ಮ ಪುಸ್ತಕದಲ್ಲಿ ಬಂದಿದಾರೆ" ಎಂದೆ. ಅವನು ಹೋಗಿ ಬಿಲ್ಲು ತಂದಿಟ್ಟ.

ಚಾಮರಾಜಪೇಟೆಯ ನಮ್ಮ ದೊಡ್ಡಮ್ಮನ ಕಥೆ ಹೇಳದೆ ನಿಮಗೆ ಇದು ಅರ್ಥವಾಗುವುದಿಲ್ಲ. ನಾನಾಗ ಕಾಲೇಜಿನಲ್ಲಿದ್ದೆ. ದೊಡ್ಡಮ್ಮನಿಗೆ ಹರ್ನಿಯಾ ಆಪರೇಷನ್ ನಿಗದಿಯಾಗಿತ್ತು. ಧನುರ್ಮಾಸ ಬೇರೆ. ಆ ತಿಂಗಳಲ್ಲಿ ನಸುಕಿಗೇ ಎದ್ದು ದೇವಸ್ಥಾನಕ್ಕೆ ಹೋಗದೆ ಇದ್ದರೆ ದೊಡ್ಡಮ್ಮನಿಗೆ ಬೆಳಗಾದ ಹಾಗೇ ಅಲ್ಲ. ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಬಂದರು. ಫ್ಲಾಸ್ಕು ಹಿಡಿದುಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ.

"ಏನಾದ್ರೂ ತಿಂದಿದೀರೇನಮ್ಮ?" ಎಂದು ಡಾಕ್ಟರು ಕೇಳಿದರು.

"ಅಯ್ಯೋ, ಹನಿ ಕಾಫೀನೂ ಕುಡಿದಿಲ್ಲ ಡಾಕ್ಟ್ರೇ. ಬರೀ ಪ್ರಸಾದ."

"ಪ್ರಸಾದ ಅಂದ್ರೆ?"

"ಒಂದ್ ದೊನ್ನೆ ಪೊಂಗಲ್. ಪ್ರಸಾದ ತಿಂದ್ರೆ ತಿಂದ ಹಾಗಾ?"

ಡಾಕ್ಟರು ವಾರ್ಡಿಗೆ ವಾರ್ಡೇ ತಿರುಗಿ ನೋಡುವ ಹಾಗೆ ಬೈದರು. ಆಪರೇಷನ್ ನಿಂತಿತು. ಇನ್ನೊಂದು ದಿನ ಬನ್ನಿ ಎಂದರು. ದೊಡ್ಡಮ್ಮ ಮತ್ತೆ ಹೋಗಲೇ ಇಲ್ಲ. ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಇಷ್ಟು ವರ್ಷ ತಳ್ಳಿದರು. ಮದುವೆ ಮನೆಗಳಲ್ಲಿ ಪೊಂಗಲ್ ಬಡಿಸುವಾಗೆಲ್ಲ ನೆಂಟರು ಈ ಕಥೆ ತೆಗೆದು ನಗುತ್ತಿದ್ದರು. ದೊಡ್ಡಮ್ಮನೂ ನಗುತ್ತಿದ್ದರು, ಆದರೆ ಪೊಂಗಲ್ ಹಾಕಿಸಿಕೊಳ್ಳುತ್ತಿರಲಿಲ್ಲ.

ಈಗ ಆ ಹರ್ನಿಯಾ ನಗುವ ವಿಷಯವಾಗಿ ಉಳಿದಿರಲಿಲ್ಲ. ಕರುಳು ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಅಪಾಯ, ತಡಮಾಡಬೇಡಿ ಎಂದು ಈಚೆಗೆ ನೋಡಿದ ಡಾಕ್ಟರು ಹೇಳಿದ್ದರು. ಸೊಸೆ ಸುಧಾ ದಿನವೂ ಗೋಗರೆಯುತ್ತಿದ್ದಳು. "ಈ ವಯಸ್ಸಲ್ಲಿ ಹೋಗಿ ಬೈಸ್ಕೊಂಡು ಬರ್ಲಾ?" ಎಂಬುದೊಂದೇ ದೊಡ್ಡಮ್ಮನ ಉತ್ತರ.

ಹೋಟೆಲಿನಲ್ಲಿ ಕೂತೇ ಪುಟ ತಿರುವಿದೆ. ಆ ಹೆಂಗಸನ್ನು ಕೂಗಾಡಿ ಕಳಿಸಿದ ಮೇಲೆ ಸರ್ಜನ್ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕೂತರಂತೆ. ಕಲಿಯುವ ಕಾಲದಲ್ಲಿ ಅವರ ಕಣ್ಣೆದುರೇ, ತಿಂದು ಬಂದಿದ್ದ ರೋಗಿಯೊಬ್ಬನಿಗೆ ಅರಿವಳಿಕೆಯ ಮತ್ತಿನಲ್ಲಿ ವಾಂತಿಯಾಗಿ, ಅದು ಶ್ವಾಸಕೋಶಕ್ಕೆ ಇಳಿದು, ಅವನು ಉಳಿದಿರಲಿಲ್ಲ. ಆ ಹೆಂಗಸಿನ ಮೇಲೆ ಕೂಗಾಡಿದಾಗ ಬಾಯಲ್ಲಿ ಬಂದದ್ದು ಸಿಟ್ಟಲ್ಲ, ಹೆದರಿಕೆ ಎಂದು ಬರೆದಿದ್ದರು. ಆ ಹೆಂಗಸು ಮತ್ತೆ ಬರುತ್ತಾರೆಂದು ಬಹಳ ದಿನ ಕಾದರಂತೆ. ಬರಲಿಲ್ಲ. ಆ ಕೊರಗು ಈಗಲೂ ಇದೆಯಂತೆ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆಟೋ ಹಿಡಿದು ಚಾಮರಾಜಪೇಟೆಗೆ ಹೊರಟೆ. ಸಿಗ್ನಲ್ಲಿನಲ್ಲಿ ನಿಂತಾಗ ಇಳಿದು ಓಡಿಬಿಡಲೇ ಎನ್ನಿಸಿತು. ಓಡಿದ್ದರೆ ಪುಸ್ತಕದ ಡಾಕ್ಟರೇ ನನಗೂ ಬೇಕಾಗುತ್ತಿದ್ದರೋ ಏನೋ.

ದೊಡ್ಡಮ್ಮ ಅವರೆಕಾಳು ಹಿತುಕುತ್ತಿದ್ದರು. ಏದುಸಿರಿನಲ್ಲೇ ಆ ಪುಟಗಳನ್ನು ಗಟ್ಟಿಯಾಗಿ ಓದಿದೆ. ಓದಿ ಮುಗಿಸಿ, ಪದಕ ಗೆದ್ದವನ ಹಾಗೆ ಅವರ ಮುಖ ನೋಡಿದೆ.

"ಇದು ನಾನಲ್ಲ ಕಣೋ" ಎಂದರು. "ಇವಳು ತಿಂದಿದ್ದು ಪುಳಿಯೋಗರೆ. ನಂದು ಪೊಂಗಲ್."

ನನ್ನ ಉತ್ಸಾಹವೆಲ್ಲ ಜರ್ರನೆ ಇಳಿಯಿತು. ಇಷ್ಟು ದೊಡ್ಡ ವಿಷಯ ನನ್ನ ತಲೆಗೆ ಹೊಳೆದಿರಲೇ ಇಲ್ಲ. ಆದರೆ ದೊಡ್ಡಮ್ಮನ ಮುಖ ನಿಧಾನವಾಗಿ ಅರಳುತ್ತಿತ್ತು.

"ಅಂದ್ರೆ ನನ್ನ ಹಾಗೆ ಇನ್ನೊಬ್ಳು ಇದ್ಲು! ಸುಧಾ, ಕೇಳಿದ್ಯೇನೇ? ನಾನೊಬ್ಳೇ ಅಲ್ವಂತೆ!" ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಆ ಡಾಕ್ಟ್ರು ಬಾಗಿಲು ಹಾಕ್ಕೊಂಡು ಕೂತಿದ್ರಲ್ಲ, ಅದನ್ನ ಇನ್ನೊಂದ್ಸಲ ಓದು" ಎಂದರು.

ಓದಿದೆ. ಅವರ ಕೈಯಲ್ಲಿದ್ದ ಅವರೆಕಾಳು ಕೈಯಲ್ಲೇ ಉಳಿಯಿತು.

"ಪಾಪ, ನಮ್ಮ ಡಾಕ್ಟ್ರಿಗೂ ಭಯಾನೇ ಆಗಿತ್ತೇನೋ. ನಾನು ಅವಮಾನ ಮಾಡಿದ್ರು ಅಂದ್ಕೊಂಡೆ." ಅಡುಗೆಮನೆಯ ಕಡೆ ತಿರುಗಿದರು. "ಸುಧಾ, ಆ ಆಸ್ಪತ್ರೆಗೆ ಫೋನ್ ಮಾಡಮ್ಮ. ಯಾವತ್ತು ಬರ್ಬೇಕು ಕೇಳು."

ಇದನ್ನು ಬರೆಯುತ್ತಿರುವುದು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು. ಸ್ಪಿರಿಟ್ ವಾಸನೆಗೆ ಈಗ ನನಗೆ ತಲೆ ಸುತ್ತುತ್ತಿಲ್ಲ. ಬೆಳಿಗ್ಗೆ ಎಳೆಯ ಡಾಕ್ಟರೊಬ್ಬಳು, "ಅಜ್ಜಿ, ಏನಾದ್ರೂ ತಿಂದಿದೀರಾ?" ಎಂದು ಕೇಳಿದಳು.

"ತೀರ್ಥಾನೂ ತಗೊಂಡಿಲ್ಲ ಕಣಮ್ಮ. ಆಮೇಲೆ ಬರ್ತೀನಿ ಅಂತ ದೇವರಿಗೆ ಹೇಳಿ ಬಂದಿದೀನಿ."

ಆಪರೇಷನ್ ಸಲೀಸಾಗಿ ಮುಗಿಯಿತು. ಈಗ ಒಳಗೆ ಹೋಗಿ ನೋಡಿ ಬಂದೆ. ದೊಡ್ಡಮ್ಮ ಕಣ್ಣು ಬಿಟ್ಟು, ನನ್ನ ಕಂಕುಳಲ್ಲಿದ್ದ ಪುಸ್ತಕ ನೋಡಿದರು. ನಾಲಿಗೆ ಇನ್ನೂ ತೊದಲುತ್ತಿತ್ತು.

"ಆ ಡಾಕ್ಟ್ರಿಗೆ ಬರಿಯೋ" ಎಂದರು. "ಒಬ್ಳು ವಾಪಸ್ ಬಂದ್ಲು ಅಂತ."