ನಲವತ್ತಾರನೇ ವಿಧಿಯ ನೆಮೆಸಿಯಾ

ಕೋರ್ಟಿನ ಮೆಟ್ಟಿಲ ಬಲಗಡೆ, ಫುಟ್‌ಪಾತಿನ ಮೇಲೆ, ಬಿಳಿ ಬಣ್ಣದಲ್ಲಿ ಎಳೆದ ಒಂದು ಚೌಕವಿತ್ತು. ಒಳಗೆ ‘ನೆಮೆಸಿಯಾ ತಿಕೋನಾ’ ಎಂದು ಬರೆದಿತ್ತು. ನಮ್ಮ ಪೇಟೆಯಲ್ಲಿ ನೆಲದ ಮೇಲೆ ಹೀಗೆ ಹೆಸರು ಬಿತ್ತೆಂದರೆ ಆ ಜಾಗ ನಿಮ್ಮದು. ನೆಮೆಸಿಯಾಳ ಗಂಡ ಬಿಟ್ಟುಹೋದ, ಜಾಗ ಬಿಟ್ಟುಹೋಗಲಿಲ್ಲ. ಕಾರ್ನಿವಲ್ ಹಬ್ಬದ ಮಂಗಳವಾರ ಬಂತೆಂದರೆ ಊರ ಪದ್ಧತಿಯಂತೆ ಆ ಚೌಕಕ್ಕೆ ಬಿಯರ್ ಚಿಮುಕಿಸಿ, ಬಣ್ಣದ ಕಾಗದದ ಚೂರು ಎರಚಿ, ಗಂಡನಿಗೂ ಮಾಡದಷ್ಟು ಉಪಚಾರ ಮಾಡುತ್ತಿದ್ದಳು.

ಆಕೆ ಮಾರುತ್ತಿದ್ದದ್ದು ಕಾನೂನು. ಜೇಬಿನಲ್ಲಿ ಹಿಡಿಯುವಷ್ಟು ಬೊಲಿವಿಯಾ ಸಂವಿಧಾನ, ಅಂಗೈಯಗಲದ ಮಾನವ ಹಕ್ಕುಗಳ ಘೋಷಣೆ, ಆ ದಿನ ಬೆಳಿಗ್ಗೆ ಅಚ್ಚಾಗಿ ಬಂದ ಸರ್ಕಾರಿ ಆದೇಶ. ಓದಿದ್ದು ಮೂರನೇ ಕ್ಲಾಸು. ಆದರೆ ಹದಿನೈದು ವರ್ಷ ಒಂದೇ ಪುಸ್ತಕ ಮಾರಿದರೆ ಕಲ್ಲಿಗೂ ಬಾಯಿಪಾಠವಾದೀತು. ಕೋಟು ಹಾಕಿದ ವಕೀಲರು ಮೆಟ್ಟಿಲಿಳಿದು ಬಂದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, “ದೋನ್ಯಾ, ಅಮ್ಮಾ, ಅದು ಎಷ್ಟನೇ ವಿಧಿ?” ಎಂದು ಪಿಸುಗುಟ್ಟುತ್ತಿದ್ದರು. ಆಕೆ ಬೀದಿಗೆಲ್ಲ ಕೇಳುವಂತೆ ಉತ್ತರಿಸುತ್ತಿದ್ದಳು. ನಾನು ಮೆಟ್ಟಿಲ ಎಡಗಡೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಬರೆದುಕೊಡುವವನು. ಈ ನಾಟಕ ದಿನಾ ನೋಡಿದವನು.

ಕಳೆದ ಡಿಸೆಂಬರಿನಲ್ಲಿ, ಮಾನವ ಹಕ್ಕುಗಳ ದಿನಾಚರಣೆಯ ಹಿಂದಿನ ದಿನ, ಹೊಸ ಆದೇಶದ ಕಟ್ಟು ಬಂತು. ಹೊಸ ಆದೇಶವನ್ನು ಮೊದಲು ಕೂಗಬೇಕು, ಆಮೇಲೆ ಓದಬೇಕು. ಅದು ಆ ಕಸುಬಿನ ನೇಮ. ಓದುತ್ತ ಕೂತರೆ ಬೀದಿಯ ಎದುರುಗಡೆ ಅದನ್ನೇ ಮಾರುವವಳು ಮಾರಿ ಮುಗಿಸಿರುತ್ತಾಳೆ. ನೆಮೆಸಿಯಾ ಕೂಗಿದಳು:

“ಬಿಸಿಬಿಸಿ ಆದೇಶ! ನಗರ ಸೌಂದರ್ಯದ ಆದೇಶ! ಆಮೇಲೆ ಗೊತ್ತಿರ್ಲಿಲ್ಲ ಅನ್ಬೇಡಿ!”

ಹತ್ತು ಗಂಟೆಗೆ ಕಟ್ಟು ಖಾಲಿಯಾಗಿ ಒಂದೇ ಒಂದು ಪ್ರತಿ ಉಳಿದಿತ್ತು. ಆಗ ಬಂದವನು ನಗರಸಭೆಯ ಕಾವಲುಗಾರ ವಿದಾಲ್. ಸಮವಸ್ತ್ರ ಹೊಸದು, ಮೀಸೆ ಇನ್ನೂ ಹೊಸದು.

“ಒಂದು ಕೊಡಮ್ಮಾ. ಆಫೀಸಲ್ಲಿ ನಮಗೇ ಪ್ರತಿ ಕೊಟ್ಟಿಲ್ಲ.”

“ತಗೋ ಮಗನೇ, ಕೊನೇದು. ನಿನ್ನ ಅದೃಷ್ಟ.”

ಅವನು ಅಲ್ಲೇ ನಿಂತು ಸಾಲುಸಾಲಿಗೂ ಬೆರಳಿಟ್ಟು ಓದಿ, ಗಂಟಲು ಸರಿಮಾಡಿಕೊಂಡ. “ಇದು ನಿನ್ನ ಮೇಲೇನೇ ಕಣಮ್ಮಾ. ಮೆಟ್ಟಿಲ ಬಲಗಡೆ ಖಾಲಿ ಮಾಡ್ಬೇಕಂತೆ. ನಾಳೆ ಸಮಾರಂಭ, ಅಲ್ಲಿ ಹೂಕುಂಡ ಇಡ್ತಾರೆ.”

ತನ್ನ ಗಡೀಪಾರನ್ನು ತಾನೇ ಕೂಗಿ ಮಾರಿದ್ದಳು! ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ನೆಮೆಸಿಯಾ ತಲೆಯ ಟೋಪಿ ನೆಟ್ಟಗೆ ಮಾಡಿಕೊಂಡು ಎದ್ದಳು. “ಸಂವಿಧಾನದ ನಲವತ್ತಾರನೇ ವಿಧಿ ಕೇಳು. ಪ್ರತಿಯೊಬ್ಬರಿಗೂ ಗೌರವದಿಂದ ಕೆಲಸ ಮಾಡೋ ಹಕ್ಕಿದೆ!”

“ನಂಗೆ ವಿಧಿಗಿಧಿ ಗೊತ್ತಿಲ್ಲಮ್ಮಾ.”

“ಗೊತ್ತಿಲ್ದಿದ್ರೆ ತಗೊಂಡು ಓದು. ಐದೇ ಬೊಲಿವಿಯಾನೋ.”

“ನಾಳೆ ನಿಮ್ಮ ಹಕ್ಕುಗಳ ಹಬ್ಬಾನೇ ಮಾಡ್ತಿರೋದು. ಅದಕ್ಕೇ ಅಡ್ಡ ಕೂತ್ಕೋತೀಯಲ್ಲ!” ಎಂದು ಗದರಿ, ಹಲಗೆ, ಪುಸ್ತಕ, ಕೊಡೆ ಎಲ್ಲವನ್ನೂ ಎತ್ತಿ ಬೀದಿಯಾಚೆ ಇಟ್ಟುಬಂದ. ನಾನು ಇನ್ಯಾರದೋ ಅರ್ಜಿ ಕುಟ್ಟುತ್ತ ಕೂತೆ. ಆದೇಶದಲ್ಲಿ ಎಡಗಡೆಯ ಮಾತಿರಲಿಲ್ಲ. ಊರಿನವರ ಅನ್ಯಾಯಕ್ಕೆಲ್ಲ ಅರ್ಜಿ ಬರೆಯುವ ಮಹಾಶಯ ನಾನು, ಪಕ್ಕದವಳಿಗೆ ಒಂದು ಸಾಲು ಬರೆಯಲಿಲ್ಲ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುದಿನ ಬ್ಯಾಂಡು ಬಾರಿಸಿತು. ಮಾನವ ಹಕ್ಕುಗಳ ಸಮಿತಿಯ ಅಧ್ಯಕ್ಷರು ಮನುಷ್ಯರೆಲ್ಲ ಸಮಾನರು ಎಂಬುದನ್ನು ಒಂದು ಗಂಟೆ ವಿವರಿಸಿದರು. ಅವರಿಗೆ ಶಾಮಿಯಾನ, ನಮಗೆ ಬಿಸಿಲು. ಬಳಿಕ ಘೋಷಣೆ ಓದಲು ಅಂಗೈಯಗಲದ ಪುಸ್ತಕ ತೆರೆದರು. ನೆಮೆಸಿಯಾಳಿಂದಲೇ ತರಿಸಿದ್ದು. ಎರಡು ಹಾಳೆ ಅಂಟಿಕೊಂಡು, ಮೊದಲ ವಿಧಿ ಮುಗಿದದ್ದೇ ಆರನೆಯದಕ್ಕೆ ಹಾರಿದರು. ಜನರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆಯಿಂದ ನೆಮೆಸಿಯಾ ಕೂಗಿದಳು:

“ಎರಡು, ಮೂರು, ನಾಲ್ಕು, ಐದು ಎಲ್ಲಿ ಹೋದ್ವು ಸ್ವಾಮೀ? ಅವನ್ನೂ ಎತ್ತಿಸಿಬಿಟ್ರಾ?”

ಜನ ಗೊಳ್ಳೆಂದರು. “ಜನತೆಯ ಜಾಗೃತಿಗೆ ಇದೇ ಸಾಕ್ಷಿ” ಎಂದು ಅಧ್ಯಕ್ಷರು ಕೈ ಮುಗಿದರು. ವಿದಾಲ್ ಬಂದು ಜಾಗೃತಿಯನ್ನು ಇನ್ನೂ ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿದ.

ಚೌಕದ ಮೇಲೆ ಸಿಮೆಂಟಿನ ಹೂಕುಂಡ ಕೂತಿತು. ‘ನೆಮೆಸಿಯಾ’ ಅಡಿಗೆ ಹೋಗಿ ‘ತಿಕೋನಾ’ ಮಾತ್ರ ಹೊರಗುಳಿಯಿತು. ಆ ಸಂಜೆ ಆಕೆ ಮೊದಲ ಸಲ ಆದೇಶವನ್ನು ಪೂರ್ತಿ ಓದಿದಳು. ಹಲಗೆ, ಕೊಡೆ, ಹಾಸು ಇಡಕೂಡದು ಎಂದಿತ್ತು. ಕುಂಡದ ಅಂಚಿನಲ್ಲಿ ಕೂರಕೂಡದು ಎಂದು ಎಲ್ಲೂ ಇರಲಿಲ್ಲ. ಮರುದಿನವೇ ಮಡಿಲಲ್ಲಿ ಪುಸ್ತಕದ ಗಂಟಿಟ್ಟುಕೊಂಡು ಅಲ್ಲಿ ಕೂತಳು. ವಿದಾಲ್ ದಿನಕ್ಕೆ ಮೂರು ಸಲ ಎಬ್ಬಿಸುತ್ತಿದ್ದ, ಅವನು ತಿರುಗಿದ ಕೂಡಲೇ ಈಕೆ ಮತ್ತೆ ಕೂರುತ್ತಿದ್ದಳು. ನೀರು ಹಾಕುವವರಿಲ್ಲದೆ ಗಿಡ ಮಾತ್ರ ಒಣಗಿತು.

ಜನವರಿಯಲ್ಲಿ ಒಂದು ದಿನ ವಿದಾಲ್ ಸಮವಸ್ತ್ರವಿಲ್ಲದೆ ಬಂದು ಕುಂಡದ ಮುಂದೆ ನಿಂತ.

“ಕೆಲಸ ಮಾಡೋರ ಬಗ್ಗೆ ಏನಾದ್ರೂ ಇದೆಯಾ ಅಮ್ಮಾ? ತೆಗೆದುಹಾಕಿದ್ರು. ನೋಟಿಸಿಲ್ಲ, ಮಾತಿಲ್ಲ.”

ನೆಮೆಸಿಯಾ ಸಂವಿಧಾನವನ್ನು ಕೈಗೆತ್ತಿಕೊಂಡಳು. ತೆರೆಯದೆಯೇ ನಲವತ್ತಾರನ್ನು ಆರಂಭದಿಂದ ಕೊನೆಯವರೆಗೂ ಹೇಳಿದಳು. ಅವನು ಕಣ್ಣರಳಿಸಿ ಕೇಳಿದ.

“ಎಷ್ಟು ಚೆನ್ನಾಗಿ ಬರೆದಿದಾರಮ್ಮಾ! ಒಬ್ರೂ ಹೇಳ್ಲೇ ಇಲ್ವಲ್ಲ ನಂಗೆ.”

“ಹೇಳ್ಲಿಲ್ವಾ? ಇದೇ ಜಾಗದಲ್ಲಿ ನಿನ್ನ ಮುಖಕ್ಕೇ ಹೇಳಿದ್ನಲ್ಲೋ!”

ವಿದಾಲ್ ತಲೆ ಕೆರೆದುಕೊಂಡ.

“ಅವತ್ತು ನಂಗೆ ಕೆಲಸ ಇತ್ತಲ್ಲಮ್ಮಾ.”

ಆಕೆ ಕುಂಡದ ಅಂಚಿನಲ್ಲಿ ಒಂದಿಷ್ಟು ಸರಿದು ಕೂರಲು ಜಾಗ ಕೊಟ್ಟು, ಸಂವಿಧಾನವನ್ನು ಅವನ ಕೈಗಿಟ್ಟಳು. ಪುಸ್ತಕದ ದುಡ್ಡು ಮಾತ್ರ ಬಿಡಲಿಲ್ಲ.