ಕಮಾನಿನ ಬೆಲ್ಲ

ಮುನಿಗಂಗಮ್ಮ ಸುಣ್ಣದ ಹದ ನೋಡುವುದು ನಾಲಿಗೆಯಲ್ಲಿ. ಎಲೆಅಡಿಕೆಗೆ ಹಚ್ಚುವಷ್ಟು ಬೆರಳ ತುದಿಗೆ ತೆಗೆದು ಬಾಯಿಗಿಟ್ಟರೆ ಸಾಕು, ತೊಟ್ಟಿಯಲ್ಲಿ ನೆನೆದಿರುವ ಸುಣ್ಣಕ್ಕೆ ಇನ್ನೆಷ್ಟು ದಿನ ಬೇಕೆಂದು ಹೇಳಿಬಿಡುತ್ತಾಳೆ. ನೋಡಿದವರ ಎದೆ ಝಲ್ಲೆನ್ನುತ್ತದೆ, ಅವಳ ನಾಲಿಗೆಗೆ ಮಾತ್ರ ಇವತ್ತಿನವರೆಗೂ ಏನೂ ಆಗಿಲ್ಲ. ಇದು ಅತ್ತೆ ಚಿಕ್ಕವೆಂಕಟಮ್ಮ ಕೊಟ್ಟ ವಿದ್ಯೆ. ಬಂಗಾರಪೇಟೆಯ ಮದ್ರಾಸ್ ತಾರಸಿಗಳ ಮೇಲೆ ಹೆಂಗಸರು ಸಾಲಾಗಿ ಕೂತು ದಿನಗಟ್ಟಲೆ ಸುಣ್ಣದ ಗಾರೆ ಬಡಿಯುತ್ತಿದ್ದ ಕಾಲದಲ್ಲಿ ಸಾಲಿನ ಮೊದಲ ಜಾಗ ಆ ಅತ್ತೆಯದು. ಸಿಮೆಂಟು ಬಂತು, ಗಾರೆ ಹೋಯಿತು. ಸೊಸೆ ಇಪ್ಪತ್ತು ವರ್ಷ ಕೂಲಿಗೆ ಹೋಗಿ ಟೊಮೇಟೊ ಕಿತ್ತಳು.

ಹೋದ ವರ್ಷ ಬೂದಿಕೋಟೆ ದಾರಿಯಲ್ಲಿ ಪಾಳುಬಿದ್ದ ಬಿಡಾರದ ದುರಸ್ತಿ ಶುರುವಾಯಿತು. ಹೊರದೇಶದ ರಾಯಭಾರಿಗಳು ಬಂದರೆ ಇಳಿದುಕೊಳ್ಳಲೆಂದು ಅರಸರು ಕಟ್ಟಿಸಿದ ಮನೆ ಅದು ಎನ್ನುತ್ತಾರೆ. ಉಳಿದಿರುವುದು ಎರಡು ಕೋಣೆ, ಮೂರು ಕಮಾನು. ಗಾರೆ ಬಲ್ಲವರನ್ನು ಹುಡುಕುತ್ತ ಬಂದ ಎಂಜಿನಿಯರ್ ಶ್ವೇತ ಮುನಿಗಂಗಮ್ಮನನ್ನು ಕರೆದು, "ನಡುವಿನ ಕಮಾನು ನಿಂತರೆ ಮುಂದಿನ ಕೋಣೆಗಳ ಗಾರೆ ಕೆಲಸಕ್ಕೆಲ್ಲ ನೀವೇ ಯಜಮಾನಿ" ಎಂದಿದ್ದಳು.

ಕಮಾನು ಮುಗಿದು ಮೂರು ವಾರವಾಗಿತ್ತು. ಕೆಳಗಿನ ಮರದ ಆಸರೆಯನ್ನು ಮಾರನೆಯ ದಿನ ಬಿಚ್ಚಬೇಕು. ಸಂಜೆ ಮುನಿಗಂಗಮ್ಮ ಏಣಿ ಹತ್ತಿ, ಮೇಲಿನ ಇಟ್ಟಿಗೆ ವರಸೆಗಳ ಸಂದಿಗೆ ಉಗುರು ಒತ್ತಿದಳು. ಗಾರೆ ರವೆಯಂತೆ ಉದುರಿತು.

ಯಾಕೆಂದು ಅವಳಿಗೆ ಗೊತ್ತಿತ್ತು. ಗಾರೆ ಗಟ್ಟಿಯಾಗಲು ಬೆಲ್ಲದ ನೀರು ಬೀಳಬೇಕು. ರಾಮನವಮಿಯ ದಿನ ಬಿಡಾರದ ಬಾಗಿಲಲ್ಲೇ ಪಾನಕ ಮಾಡಿದ್ದರು. ಬಸ್ಸಿಗೆ ಕಾದಿದ್ದವರೆಲ್ಲ ಬಂದುಬಿಟ್ಟರು, ತಂದಿದ್ದ ಬೆಲ್ಲ ಸಾಲಲಿಲ್ಲ. ಬಂದವರಿಗೆ ಇಲ್ಲವೆನ್ನಲಾರದೆ ಅವಳೇ ಗಾರೆಗಿಟ್ಟಿದ್ದ ಬೆಲ್ಲದ ಅಚ್ಚುಗಳನ್ನು ಒಡೆದು ಕೊಟ್ಟಳು. ಮಧ್ಯಾಹ್ನ ಬರೀ ನೀರಿನಲ್ಲಿ ಗಾರೆ ಕಲೆಸಿ ಮೇಲಿನ ವರಸೆಗಳನ್ನು ಕಟ್ಟಿ ಮುಗಿಸಿದಳು. ಒಂದು ದಿನದ ಮಟ್ಟಿಗೆ ಏನಾದೀತು ಅಂದುಕೊಂಡಿದ್ದಳು.

ಅವಳು ಹೇಳಿದ್ದನ್ನು ಕೇಳಿ ಮೇಸ್ತ್ರಿ ಚಲಪತಿ ತಲೆ ಚಚ್ಚಿಕೊಂಡ. "ಅಕ್ಕಾ, ಸುಮ್ಕಿರು. ಮ್ಯಾಲೆ ಪೂಸಿಬಿಟ್ರೆ ಯಾರ್ಗ್ ಗೊತ್ತಾಯ್ತದೆ? ಆ ಪಾನಕ ನಾನೂ ಮೂರು ಲೋಟ ಕುಡ್ದಿವ್ನಿ."

"ನಿನ್ ಒಟ್ಟೇಲಿರೋ ಬೆಲ್ಲ ಕಮಾನ್ನ ಇಡ್ಕೊಂಡಿರ್ತದೇನ್ಲಾ? ನಾಳೆ ಇಸ್ಕೂಲ್ ಮಕ್ಳು ನೋಡಕ್ ಬಂದ್ರೆ ಇದ್ರ ಕೆಳ್ಗೇ ತಾನೆ ನಿಂತ್ಕಳದು?"

"ಏಳಿದ್ರೆ ನಿನ್ ಯಜಮಾನಿಕೆ ಓಯ್ತದೆ."

"ಓಗ್ಲಿ. ಟೊಮೇಟೊ ತೋಟ ಎಲ್ಲೂ ಓಗಿಲ್ಲ."

ಬೆಳಿಗ್ಗೆ ಶ್ವೇತ ಜೀಪಿನಿಂದ ಇಳಿಯುತ್ತಿದ್ದಂತೆಯೇ ಮುನಿಗಂಗಮ್ಮ ಎದುರು ಹೋಗಿ ನಿಂತಳು. "ಮೇಡಂ, ಆಸರೆ ಬಿಚ್ಬ್ಯಾಡಿ. ಮ್ಯಾಲಿನ ಒಂಬತ್ತು ವರಸೆ ನಾನು ಕೆಡ್ಸಿವ್ನಿ. ಬೆಲ್ಲ ಜನಕ್ಕೆ ಕುಡಿಸ್ಬಿಟ್ಟೆ."

ಶ್ವೇತಳ ಮುಖ ಬಿಗಿಯಿತು. "ಮೂರು ವಾರ ಯಾಕೆ ಹೇಳಲಿಲ್ಲ?"

"ಸರಿ ಓಯ್ತದೆ ಅಂದ್ಕೊಂಡಿದ್ದೆ. ನೆನ್ನೆ ಉಗುರಿಟ್ಟು ನೋಡ್ದೆ, ಸರಿ ಓಗಿಲ್ಲ."

ಅಪ್ಪಣೆಗೆ ಕಾಯದೆ ಏಣಿ ಹತ್ತಿದಳು. ಉಳಿಯನ್ನೂ ಮುಟ್ಟದೆ ಬೆರಳಿನಿಂದಲೇ ಒಂದೊಂದು ಇಟ್ಟಿಗೆ ಬಿಡಿಸಿ ಕೆಳಗೆ ಕೊಟ್ಟಳು. ಒಂಬತ್ತು ವರಸೆಯೂ ಹಾಗೇ ಬಿಚ್ಚಿ ಬಂದವು. ಬೆಲ್ಲ ಬಿದ್ದಿದ್ದ ಹತ್ತನೆಯ ವರಸೆಗೆ ಚಲಪತಿ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ. ಉಳಿಯ ಮೊನೆ ಮುರಿಯಿತು, ಗಾರೆ ಕದಲಲಿಲ್ಲ. ಶ್ವೇತ ಏಣಿ ಹತ್ತಿ ಬಂದು ಆ ಜಾಗವನ್ನು ಕೈಯಿಂದ ಸವರಿ ನೋಡಿದಳು, ಬಹಳ ಹೊತ್ತು.

"ಮತ್ತೆ ಕಟ್ಟೋಕೆ ಎಷ್ಟು ದಿನ?"

"ಕಟ್ಟಕ್ಕೆ ಎರಡು. ಒಣಗಕ್ಕೆ ಒಂದ್ ತಿಂಗ್ಳು. ಒಂದಿನ ಕಮ್ಮಿ ಆದ್ರೂ ಬಿಚ್ಚಕ್ ಬಿಡಕಿಲ್ಲ."

"ಮುಂದಿನ ಕೋಣೆಗಳು?"

"ಕೊಟ್ರೆ ಮಾಡ್ತೀನಿ. ಆದ್ರೆ ಅಬ್ಬದ ದಿನ ಗಾರೆ ಕಲ್ಸಕಿಲ್ಲ ಮೇಡಂ, ಬಂದೋರಿಗೆ ಇಲ್ಲ ಅನ್ನಕೆ ನನ್ ಕೈಲಾಗಕಿಲ್ಲ."

ಶ್ವೇತ ನಗು ತಡೆದುಕೊಂಡು, ಹಬ್ಬದ ರಜೆಗಳ ಪಟ್ಟಿ ಬರೆಯಲು ಚಲಪತಿಗೆ ಹೇಳಿದಳು.